ಥಿಸಲ್ ಆಲಿಕೆಯಿಂದ ಜೋನಿಬೆಲ್ಲದ ಚೀಲದವರೆಗೆ: ಅಭಿಸರಣೆಯ ಪ್ರಯೋಗವನ್ನು ಸರಿಪಡಿಸಿದ ಐದು ವಾರಗಳ ದಾಖಲೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಕೋಶದ ಪಾಠ ಬಂದಾಗಲೆಲ್ಲ ನಾನು ಅಭಿಸರಣೆಯ (ತೆಳು ದ್ರಾವಣದ ಕಡೆಯ ನೀರು ಪೊರೆಯ ಮೂಲಕ ಗಾಢ ದ್ರಾವಣದ ಕಡೆಗೆ ಹರಿಯುವುದರ) ಪ್ರಯೋಗವನ್ನು ಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿ ಮುಂದೆ ಹೋಗುತ್ತಿದ್ದೆ. ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಗೆ ಹತ್ತಿರವಿರುವ ಒಂದು ಪ್ರೌಢಶಾಲೆ. ಪ್ರಯೋಗಾಲಯದ ಕಪಾಟಿನಲ್ಲಿ ಎರಡು ಥಿಸಲ್ ಆಲಿಕೆಗಳು (ಅಗಲ ಬಾಯಿಯ, ಉದ್ದ ಕೊಳವೆಯ ಆಲಿಕೆಗಳು), ಬೀಕರುಗಳು, ಒಂದು ಕಬ್ಬಿಣದ ಸ್ಟ್ಯಾಂಡು, ಸಿಲ್ವರ್ ನೈಟ್ರೇಟ್ ಮತ್ತು ಅಯೋಡಿನ್ ದ್ರಾವಣಗಳು ಇದ್ದವು. ಇಲ್ಲದ್ದು ಅರೆವ್ಯಾಪ್ಯ ಪೊರೆ, ಅಂದರೆ ನೀರನ್ನು ಬಿಟ್ಟುಕೊಟ್ಟು ಕರಗಿದ ಕೆಲವು ವಸ್ತುಗಳನ್ನು ತಡೆಯುವ ಪೊರೆ, ಮಾತ್ರ. ಈ ವರ್ಷ ಮಕ್ಕಳ ಕಣ್ಣೆದುರಿಗೇ ನೀರು ಪೊರೆಯ ಮೂಲಕ ಒಳಬಂದು ನಳಿಕೆಯಲ್ಲಿ ಏರುವುದನ್ನು ತೋರಿಸಲೇಬೇಕೆಂದು ಹೊರಟೆ. ಒಂದು ದಿನದ ಕೆಲಸವೆಂದು ಭಾವಿಸಿದ್ದು ಐದು ವಾರ ಹಿಡಿಯಿತು. ಇದೇ ಪ್ರಯೋಗವನ್ನು ಕೈಗೆತ್ತಿಕೊಳ್ಳುವ ಇತರ ಶಿಕ್ಷಕರಿಗೆ ನನ್ನ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರಬಹುದೆಂದು, ಟಿಪ್ಪಣಿ ಪುಸ್ತಕದಲ್ಲಿದ್ದುದನ್ನು ದಿನಾಂಕದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಜೂನ್ 24: ಮೊದಲ ಜೋಡಣೆ

ಪೊರೆಗೆ ಸೆಲ್ಲೋಫೇನ್ ಹಾಳೆ ಸಾಕೆಂದು ತಿಳಿದು, ಪೇಟೆಯ ಸ್ಟೇಷನರಿ ಅಂಗಡಿಯಿಂದ ‘ಜಿಲೆಟಿನ್ ಪೇಪರ್’ ಎಂದು ಮಾರುವ ಪಾರದರ್ಶಕ ಹಾಳೆಯೊಂದನ್ನು 10 ರೂಪಾಯಿಗೆ ತಂದೆ. ಥಿಸಲ್ ಆಲಿಕೆಯ ಬಾಯಿಗೆ ಅದನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಒಳಗೆ ಸಕ್ಕರೆ ದ್ರಾವಣ ತುಂಬಿ (20 ಗ್ರಾಂ ಸಕ್ಕರೆಗೆ ನೀರು ಸೇರಿಸಿ 100 ಮಿಲಿಲೀಟರ್ ಮಾಡಿದ್ದು), ಬಾವಿಯ ನೀರಿದ್ದ ಒಂದು ಲೀಟರಿನ ಬೀಕರಿನಲ್ಲಿ ತಲೆಕೆಳಗಾಗಿ ಇಳಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದೆ. ದ್ರಾವಣದ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆ.

ಸಂಜೆಯವರೆಗೆ ಮಟ್ಟ ಗೆರೆಯಲ್ಲೇ ಇತ್ತು. ಮರುದಿನವೂ ಹಾಗೆಯೇ ಇತ್ತು. ಜೂನ್ 26ರಂದು ಸಕ್ಕರೆ ಕಡಿಮೆಯಾಯಿತೇನೋ ಎಂದು 40 ಗ್ರಾಂ ಹಾಕಿ ಹೊಸ ದ್ರಾವಣ ತುಂಬಿದೆ. ಆಗಲೂ ಕೂದಲೆಳೆಯಷ್ಟು ವ್ಯತ್ಯಾಸವಾಗಲಿಲ್ಲ.

ಜೂನ್ 27: ಹಾಳೆಯನ್ನು ಪರೀಕ್ಷಿಸಿದ್ದು

ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ನಾಲ್ಕನೇ ದಿನ ಮಾಡಿದೆ. ಹಾಳೆಯ ಒಂದು ತುಂಡನ್ನು ಚಿಮುಟದಲ್ಲಿ ಹಿಡಿದು ಮೇಣದಬತ್ತಿಯ ಜ್ವಾಲೆಗೆ ತಾಗಿಸಿದಾಗ ಅದು ಮುದುಡಿ, ಕರಗಿ, ಗಟ್ಟಿ ಮಣಿಯಂತಾಯಿತು. ನಿಜವಾದ ಸೆಲ್ಲೋಫೇನ್ ಮರದ ತಿರುಳಿನ ಸೆಲ್ಯುಲೋಸಿನಿಂದ ಆಗುವುದರಿಂದ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ನೀರಿನಲ್ಲಿ ಹಾಕಿದರೆ ಮೆತ್ತಗಾಗಿ ಜೋಲುತ್ತದೆ. ನಾನು ತಂದ ಹಾಳೆ ನೀರಿನಲ್ಲಿ ನಾಲ್ಕು ದಿನ ಇದ್ದರೂ ಗರಿಗರಿಯಾಗಿಯೇ ಇತ್ತು. ಅದು ಪ್ಲಾಸ್ಟಿಕ್, ಅದರಲ್ಲಿ ನೀರು ದಾಟುವುದಿಲ್ಲ. ಅಂಗಡಿಗಳಲ್ಲಿ ಉಡುಗೊರೆ ಸುತ್ತಲು ಕೊಡುವ ಹೊಳೆಯುವ ಹಾಳೆಗಳು ಈಗ ಬಹುಪಾಲು ಇಂಥವೇ ಆಗಿರುವುದರಿಂದ, ಜ್ವಾಲೆಯ ಪರೀಕ್ಷೆ ಮಾಡದೆ ಯಾವ ಹಾಳೆಯನ್ನೂ ಆಲಿಕೆಗೆ ಕಟ್ಟಬಾರದು. ಅರ್ಧ ನಿಮಿಷದ ಈ ಪರೀಕ್ಷೆ ನನ್ನ ನಾಲ್ಕು ದಿನಗಳನ್ನು ಉಳಿಸುತ್ತಿತ್ತು.

ಅದೇ ಸಂಜೆ ಎರಡು ಕೋಳಿಮೊಟ್ಟೆಗಳನ್ನು ವಿನೆಗರಿನಲ್ಲಿ ಮುಳುಗಿಸಿಟ್ಟೆ. ಅಭಿಸರಣೆಯನ್ನು ಮೊದಲು ಗುರುತಿಸಿದ ಫ್ರೆಂಚ್ ವಿಜ್ಞಾನಿ ನೋಲೆ 1748ರಲ್ಲಿ ಬಳಸಿದ್ದು ಹಂದಿಯ ಮೂತ್ರಕೋಶದ ಪೊರೆಯನ್ನು; ಹಾಗಿರುವಾಗ ಮೊಟ್ಟೆಯ ಪೊರೆ ನಮಗೆ ಯಾಕಾಗಬಾರದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಜುಲೈ 1: ಯಶಸ್ಸೆಂದು ಬರೆದು, ಆಮೇಲೆ ಹೊಡೆದುಹಾಕಿದ್ದು

ವಿನೆಗರಿನಲ್ಲಿ ಎರಡು ದಿನ ಇಟ್ಟ ಮೊಟ್ಟೆಯ ಚಿಪ್ಪು ಕರಗಿತ್ತು. ಒಂದನ್ನು ಚುಚ್ಚಿ ಒಳಗಿನದನ್ನು ಬಸಿದು, ಪೊರೆಯನ್ನು ತೊಳೆದು, ಕತ್ತರಿಯಿಂದ ಸೀಳಿ ಆಲಿಕೆಯ ಬಾಯಿಗೆ ಹರಡಿ ಎರಡು ರಬ್ಬರ್ ಬ್ಯಾಂಡ್ ಹಾಕಿದೆ. 20 ಗ್ರಾಮಿನ ಸಕ್ಕರೆ ದ್ರಾವಣವನ್ನೇ ಮತ್ತೆ ತುಂಬಿದೆ. ಪೊರೆ ನೀರಿನ ಮೇಲ್ಮೈಯಿಂದ 9 ಸೆಂಟಿಮೀಟರ್ ಆಳದಲ್ಲಿತ್ತು. ಒಳಗಿನ ದ್ರಾವಣ ಪೊರೆಯಿಂದ 5.5 ಸೆಂಟಿಮೀಟರ್ ಎತ್ತರಕ್ಕೆ ಇತ್ತು.

ನಲವತ್ತು ನಿಮಿಷಗಳಲ್ಲಿ ಮಟ್ಟ 2.9 ಸೆಂಟಿಮೀಟರ್ ಏರಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಪ್ರಯೋಗ ಯಶಸ್ವಿ’ ಎಂದು ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದೆ. ಅಷ್ಟರಲ್ಲಿ ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಒಳಗಿನ ನೀರು ಹೊರಗಿನ ನೀರಿನ ಹತ್ತಿರ ಬಂದು ಯಾಕೆ ನಿಂತುಬಿಟ್ಟಿತು? ಒಳಗೆ ಸಕ್ಕರೆ ಇನ್ನೂ ಇದೆಯಲ್ಲ?” ಎಂದು ಕೇಳಿದಳು.

ಹತ್ತಿರ ಹೋಗಿ ನೋಡಿದಾಗ ಅವಳು ಹೇಳಿದ್ದು ನಿಜವಾಗಿತ್ತು. ಒಳಗಿನ ಮಟ್ಟ ಹೊರಗಿನ ಮಟ್ಟಕ್ಕಿಂತ 6 ಮಿಲಿಮೀಟರ್ ಕೆಳಗೆ ಬಂದು ನಿಂತಿತ್ತು. ಸಕ್ಕರೆಯ ದ್ರಾವಣ ನೀರಿಗಿಂತ ಭಾರವಾದ್ದರಿಂದ, ತೂತಿರುವ ಪಾತ್ರೆಯೊಂದರಲ್ಲಿ ಒಳಗಿನದು ಮತ್ತು ಹೊರಗಿನದು ಸರಿದೂಗಿದಾಗ ಎಷ್ಟು ಅಂತರ ಉಳಿಯಬೇಕೋ ಅಷ್ಟೇ ಅಂತರ ಅಲ್ಲಿ ಉಳಿದಿತ್ತು. ಅಂದರೆ ನೀರು ಪೊರೆಯನ್ನು ದಾಟಿ ಬಂದದ್ದಲ್ಲ, ರಬ್ಬರ್ ಬ್ಯಾಂಡಿನ ಅಡಿಯಿಂದ ಸೋರಿ ಒಳಬಂದದ್ದು. ಖಚಿತಪಡಿಸಿಕೊಳ್ಳಲು ಸಕ್ಕರೆಯನ್ನು ಪೂರ್ತಿ ಬಿಟ್ಟು, ಒಳಗೂ ಹೊರಗೂ ಬರೀ ಬಾವಿಯ ನೀರನ್ನೇ ಹಾಕಿ ಮತ್ತೆ ಇಳಿಸಿದೆ. ಆಗಲೂ ಮಟ್ಟ ಏರಿತು. ಆಲಿಕೆಯನ್ನು ಎತ್ತಿ ಒಣ ಪತ್ರಿಕೆಯ ಮೇಲೆ ಹಿಡಿದಾಗ ಬ್ಯಾಂಡಿನ ಸುತ್ತ ಮೂರು ಕಡೆ ಹನಿಗಳು ಕಟ್ಟಿಕೊಂಡು ಕಾಗದದ ಮೇಲೆ ಬಿದ್ದವು.

ಆ ದಿನದ ಟಿಪ್ಪಣಿಯನ್ನು ಮಕ್ಕಳ ಎದುರಿನಲ್ಲೇ ಹೊಡೆದುಹಾಕಿ, ಪಕ್ಕದಲ್ಲಿ ‘ಸೋರಿಕೆ’ ಎಂದು ಬರೆದೆ. ಆ ಹುಡುಗಿ ಕೇಳದೆ ಇದ್ದಿದ್ದರೆ ನಾನು ತಪ್ಪು ಪ್ರಯೋಗವನ್ನೇ ಸರಿಯೆಂದು ಕಲಿಸಿ ಮುಗಿಸುತ್ತಿದ್ದೆ. ಒಳಗಿನ ಮಟ್ಟವನ್ನು ಹೊರಗಿನದಕ್ಕಿಂತ ಕೆಳಗಿಟ್ಟು ಪ್ರಾರಂಭಿಸಿದ್ದೇ ಮೂಲ ತಪ್ಪು. ಒಳಗಿನ ಮಟ್ಟವನ್ನು ಮೊದಲೇ ಮೇಲಿಟ್ಟಿದ್ದರೆ ಸೋರಿಕೆಯಿಂದ ಅದು ಇಳಿಯುತ್ತಿತ್ತು, ಅಭಿಸರಣೆಯಿಂದ ಏರುತ್ತಿತ್ತು. ಎರಡೂ ಒಂದನ್ನೊಂದು ಹೋಲಲು ಸಾಧ್ಯವೇ ಇರುತ್ತಿರಲಿಲ್ಲ. ಆ ದಿನದಿಂದ ಎರಡು ನಿಯಮ ಮಾಡಿಕೊಂಡೆ: ಒಳಗಿನ ಮಟ್ಟ ಯಾವಾಗಲೂ ಹೊರಗಿನದಕ್ಕಿಂತ ಮೇಲೆ ಇರಬೇಕು, ಪಕ್ಕದಲ್ಲಿ ಬರೀ ನೀರು ತುಂಬಿದ ಇನ್ನೊಂದು ಜೋಡಣೆ ಹೋಲಿಕೆಗೆ ಇರಲೇಬೇಕು.

ಜುಲೈ 3ರಿಂದ 11: ಇಡೀ ಮೊಟ್ಟೆಗಳು, ತೂಕದ ಲೆಕ್ಕ

ಕಟ್ಟುವ ತೊಂದರೆಯೇ ಬೇಡವೆಂದು, ಸೋರದಂತೆ ಪ್ರಕೃತಿಯೇ ಮುಚ್ಚಿ ಕೊಟ್ಟಿರುವ ಇಡೀ ಮೊಟ್ಟೆಯನ್ನೇ ಬಳಸಿ, ಮಟ್ಟದ ಬದಲು ತೂಕ ನೋಡಲು ನಿರ್ಧರಿಸಿದೆ. ಮನೆಯ ಅಡುಗೆ ತಕ್ಕಡಿಯನ್ನು ಶಾಲೆಗೆ ತಂದೆ. ಅದು ಒಂದು ಗ್ರಾಂವರೆಗೆ ತೋರಿಸುತ್ತದೆ. ಮೊಟ್ಟೆ ಮುಟ್ಟದ ಮನೆತನದ ಮಕ್ಕಳಿಗೆ ಆಲೂಗಡ್ಡೆಯ ಬೇರೆ ಮೇಜು ಮಾಡಿಕೊಟ್ಟೆ. ಅದರ ವಿಷಯ ಮುಂದೆ ಬರುತ್ತದೆ.

ಮೂರು ಮೊಟ್ಟೆಗಳ ತೂಕ 56, 53 ಮತ್ತು 58 ಗ್ರಾಂ ಇತ್ತು. ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ವಿನೆಗರಿಗೆ ಹಾಕಿದ ಕೂಡಲೇ ಮೈಯೆಲ್ಲ ಸಣ್ಣ ಗುಳ್ಳೆಗಳು ಮುತ್ತಿಕೊಂಡು ಮೊಟ್ಟೆಗಳು ನಿಧಾನವಾಗಿ ಹೊರಳಲು ತೊಡಗಿದವು. ಇಪ್ಪತ್ತನಾಲ್ಕು ಗಂಟೆಯ ನಂತರ ಹಳೆಯ ವಿನೆಗರ್ ಚೆಲ್ಲಿ ಹೊಸದನ್ನು ಹಾಕಬೇಕು. ಇಲ್ಲದಿದ್ದರೆ ಚಿಪ್ಪು ಅಲ್ಲಲ್ಲಿ ಉಳಿದುಬಿಡುತ್ತದೆ. ನಲವತ್ತೆಂಟು ಗಂಟೆಯ ನಂತರ ಉಳಿದ ಬಿಳಿ ಪುಡಿಯನ್ನು ನಲ್ಲಿಯ ಕೆಳಗೆ ಬೆರಳಿನಿಂದ ಉಜ್ಜುವಾಗ ಮೂರನೆಯದು ಒಡೆಯಿತು. ನಲ್ಲಿಯ ರಭಸಕ್ಕೆ ಹಿಡಿಯದೆ, ಬೋಗುಣಿಯ ನೀರಿನೊಳಗೇ ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ತೊಳೆದರೆ ಒಡೆಯುವುದಿಲ್ಲ. ಉಳಿದ ಎರಡು ಹಾಗೆಯೇ ಉಳಿದವು.

ಚಿಪ್ಪು ಹೋದ ಮೇಲೂ ಮೊದಲನೆಯದು 73 ಗ್ರಾಂ, ಎರಡನೆಯದು 69 ಗ್ರಾಂ ತೂಗಿದಾಗ ಮಕ್ಕಳು ತಕ್ಕಡಿ ಕೆಟ್ಟಿದೆಯೆಂದರು. ವಿನೆಗರಿನಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ ಎರಡು ದಿನಗಳಲ್ಲಿ ಆ ನೀರು ಒಳಗೆ ಹೋಗಿ ಕುಳಿತಿತ್ತು. ಮೊದಲನೆಯದನ್ನು ಬಾವಿಯ ನೀರಿಗೆ, ಎರಡನೆಯದನ್ನು ಜೋನಿಬೆಲ್ಲಕ್ಕೆ ಹಾಕಿದೆವು. ಜೋನಿಬೆಲ್ಲವೆಂದರೆ ಅಚ್ಚಿಗೆ ಹಾಕದ, ದ್ರವರೂಪದ ಬೆಲ್ಲ; ಅದು ಶಿರಸಿಯ ಕಡೆಯ ನಮ್ಮ ಮನೆಯಿಂದ ಬಂದದ್ದು. ನೀರು ಬೆರೆಸದೆ ಹಾಗೆಯೇ ಬಳಸಿದೆ. ಮರುದಿನ ನೀರಿನಲ್ಲಿದ್ದ ಮೊಟ್ಟೆ 82 ಗ್ರಾಂ ಆಗಿತ್ತು. ಬೆಲ್ಲದಲ್ಲಿದ್ದದ್ದು 43 ಗ್ರಾಮಿಗೆ ಇಳಿದು, ಗಾಳಿ ಹೋದ ಚೆಂಡಿನಂತೆ ಒಂದು ಮಗ್ಗುಲಿಗೆ ಕುಸಿದಿತ್ತು. ಅದರ ಪೊರೆ ಸುಕ್ಕುಗಟ್ಟಿ ಮಡಿಕೆ ಬಿದ್ದಿತ್ತು. ಮೊಟ್ಟೆಯ ಸುತ್ತಲಿನ ಬೆಲ್ಲ ಮಾತ್ರ ನೀರಾಗಿ ತೆಳ್ಳಗಾಗಿತ್ತು. ಮೊಟ್ಟೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು.

ಈ ಸುಕ್ಕನ್ನು ಕಂಡಾಗ ನನಗೆ ನೆನಪಾದದ್ದು ಮನೆಯ ಅಪ್ಪೆಮಿಡಿ ಭರಣಿ. ಎಳೆಯ ಮಾವಿನ ಮಿಡಿಗಳನ್ನು ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿ ಇಟ್ಟರೆ, ಒಂದು ಹನಿ ನೀರು ಸೇರಿಸದಿದ್ದರೂ ಕೆಲವು ದಿನಗಳಲ್ಲಿ ಭರಣಿಯಲ್ಲಿ ಉಪ್ಪುನೀರು ತುಂಬಿಕೊಂಡು ಮಿಡಿಗಳು ಚಿರುಟಿಕೊಳ್ಳುತ್ತವೆ. ಆ ನೀರೆಲ್ಲ ಮಿಡಿಯೊಳಗಿಂದಲೇ ಬಂದದ್ದು. ಪಾಠದಲ್ಲಿ ‘ಹೆಚ್ಚು ಸಾಂದ್ರತೆಯ ದ್ರಾವಣ’ ಎಂದಾಗ ಕಣ್ಣು ಮಿಟುಕಿಸದೆ ಕೂತಿದ್ದ ಮಕ್ಕಳು ಮಿಡಿ ಉಪ್ಪಿನಕಾಯಿಯ ಮಾತು ಬಂದ ಕೂಡಲೇ ತಮ್ಮ ತಮ್ಮ ಮನೆಯ ಭರಣಿಗಳ ವಿಷಯ ಹೇಳತೊಡಗಿದರು.

ಚಿರುಟಿದ ಮೊಟ್ಟೆಯನ್ನು ತೊಳೆದು ನೀರಿಗೆ ಹಾಕಿದ ಮರುದಿನದಿಂದ ಮಳೆಯ ಕಾರಣ ಶಾಲೆಗಳಿಗೆ ಎರಡು ದಿನ ರಜೆ ಘೋಷಣೆಯಾಯಿತು. ಜುಲೈಯಲ್ಲಿ ಕರಾವಳಿಯಲ್ಲಿ ಇದು ಅನಿರೀಕ್ಷಿತವಲ್ಲ. ನಾನೇ ಮುನ್ನೆಚ್ಚರಿಕೆ ವಹಿಸಬೇಕಿತ್ತು. ತಿರುಗಿ ಬಂದು ನೋಡಿದಾಗ ಎರಡನೆಯದು ಮತ್ತೆ 71 ಗ್ರಾಂ ಆಗಿ ಉಬ್ಬಿ ನಿಂತಿತ್ತು, ಆದರೆ ದಿನದಿನದ ತೂಕಗಳು ಸಿಗಲಿಲ್ಲ. ನೀರಿನಲ್ಲೇ ಉಳಿದಿದ್ದ ಮೊದಲನೆಯದು ಬಲೂನಿನಂತೆ ಬಿಗಿದಿತ್ತು. ತಕ್ಕಡಿಗೆ ಎತ್ತುವಾಗ ಕೈಯಲ್ಲೇ ಒಡೆದು ಕೋಣೆಯೆಲ್ಲ ನಾತ ಹಿಡಿಯಿತು. ಬೋಗುಣಿಯಲ್ಲಿ ಉಳಿದಿದ್ದ ಬೆಲ್ಲದ ನೀರಿನ ಮೇಲೆ ಬೂಷ್ಟು ಕಟ್ಟಿತ್ತು. ಮಳೆಗಾಲದಲ್ಲಿ ಈ ಪ್ರಯೋಗ ಮಾಡುವವರು ಮೊಟ್ಟೆಗಳನ್ನು ಸಂಜೆ ಮನೆಗೆ ಒಯ್ಯುವುದು ಒಳ್ಳೆಯದು.

ಜುಲೈ 12ರಿಂದ: ಆಲೂಗಡ್ಡೆ ಮತ್ತು ತದಡಿಯ ನೀರು

ಆಲೂಗಡ್ಡೆಯ ಮೇಜಿನ ಮಕ್ಕಳಿಗೆ 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ ಮತ್ತು ದಪ್ಪದ ಪಟ್ಟಿಗಳನ್ನು ಕತ್ತರಿಸಲು ಹೇಳಿದ್ದೆ. ಒಂದೊಂದನ್ನೇ ತೂಗಲು ಹೋದದ್ದು ತಪ್ಪಾಯಿತು. ತಕ್ಕಡಿ ಒಮ್ಮೆ 5, ಒಮ್ಮೆ 6 ಎಂದು ತೋರಿಸುತ್ತಿತ್ತು. ಹತ್ತು ಪಟ್ಟಿಗಳನ್ನು ಒಟ್ಟಿಗೆ ತೂಗಿದಾಗ ಲೆಕ್ಕ ಹಿಡಿತಕ್ಕೆ ಬಂತು.

ಉಪ್ಪುನೀರಿಗೆ ಸಮುದ್ರದ ನೀರೇ ಆಗಲಿ ಎಂದು ತದಡಿಯ ಕಡೆಯಿಂದ ಬರುವ ಹುಡುಗರಿಬ್ಬರು ನದಿ ಸಮುದ್ರ ಸೇರುವಲ್ಲಿಂದ ಎರಡು ಬಾಟಲಿ ತುಂಬಿ ತಂದಿದ್ದರು. 54 ಗ್ರಾಮಿನ ಹತ್ತು ಪಟ್ಟಿಗಳನ್ನು ಅದರಲ್ಲಿ ಮುಳುಗಿಸಿಟ್ಟು ಮರುದಿನ ತೂಗಿದರೆ 57 ಗ್ರಾಂ! ಕುಗ್ಗಬೇಕಾದ ಪಟ್ಟಿಗಳು ಬಿರುಸಾಗಿ, ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತಿದ್ದವು. ಎಲ್ಲಿ ತಪ್ಪಿತೆಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಬಾಟಲಿ ಅದಲುಬದಲಾಯಿತೇ ಎಂದೂ ವಿಚಾರಿಸಿದೆ. ಕೊನೆಗೆ ಆ ನೀರನ್ನೇ ಒಂದು ಲೀಟರ್ ಅಳೆದು, ಸ್ಟೀಲ್ ಪಾತ್ರೆಯಲ್ಲಿ ಪೂರ್ತಿ ಇಂಗಿಸಿ, ತಳದಲ್ಲಿ ಉಳಿದ ಉಪ್ಪನ್ನು ಕೆರೆದು ತೂಗಿದೆ. 6 ಗ್ರಾಂ ಮಾತ್ರ ಬಂತು. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿದು ಬರುವ ನೀರಿಗೆ ಅಳಿವೆಯ ಉಪ್ಪೆಲ್ಲ ತಿಳಿಯಾಗಿಬಿಟ್ಟಿತ್ತು. ಆಲೂಗಡ್ಡೆಯ ಜೀವಕೋಶದ ರಸಕ್ಕಿಂತ ಹೊರಗಿನ ನೀರೇ ತೆಳುವಾಗಿದ್ದುದರಿಂದ ನೀರು ಒಳಗೆ ಹೋಗಿತ್ತು.

ಫಲಿತಾಂಶ ತಪ್ಪಿರಲಿಲ್ಲ, ನನ್ನ ನಿರೀಕ್ಷೆ ತಪ್ಪಿತ್ತು. ನಮ್ಮ ಗಜನಿ ಗದ್ದೆಗಳಲ್ಲಿ (ಅಳಿವೆಯ ಪಕ್ಕದ, ಉಪ್ಪುನೀರು ನುಗ್ಗುವ ಗದ್ದೆಗಳು) ಕಗ್ಗ ಭತ್ತವನ್ನು ಇದೇ ಮಳೆಗಾಲದಲ್ಲಿ ಬೆಳೆಯುವುದು, ಉಪ್ಪು ತಾಳುವ ಆ ತಳಿಗೂ ಮೊಳಕೆಯ ಕಾಲಕ್ಕೆ ನೀರು ಸಿಹಿಯಾಗಿರುವುದು ಒಳ್ಳೆಯದೆಂಬುದು, ಈ ಊರಿನಲ್ಲಿ ಗದ್ದೆ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ವಿಜ್ಞಾನದ ಶಿಕ್ಷಕನಾದ ನಾನು ಅದನ್ನು ಬಾಟಲಿಯ ನೀರಿಗೆ ಅನ್ವಯಿಸಿ ನೋಡಿರಲಿಲ್ಲ.

ಅನಂತರ ಇಲ್ಲಿನ ಸಾಣಿಕಟ್ಟಾದ ಆಗರಗಳಲ್ಲಿ ತಯಾರಾಗುವ ಉಪ್ಪಿನಿಂದ ದ್ರಾವಣ ಮಾಡಿದೆವು. ಅಲ್ಲಿಯೂ ಒಂದು ಎಚ್ಚರಿಕೆ ಬೇಕು: ಮಳೆಗಾಲದ ಹವೆಗೆ ಉಪ್ಪು ಒದ್ದೆಯಾಗಿರುತ್ತದೆ. 100 ಗ್ರಾಂ ಉಪ್ಪನ್ನು ಬಾಣಲೆಯಲ್ಲಿ ಹುರಿದು ಒಣಗಿಸಿದಾಗ 93 ಗ್ರಾಂ ಆಯಿತು. ಒಣಗಿಸಿದ 35 ಗ್ರಾಂ ಉಪ್ಪಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ, 53 ಗ್ರಾಮಿನ ಹತ್ತು ಪಟ್ಟಿಗಳನ್ನು ಹಾಕಿಟ್ಟಾಗ ಮರುದಿನ 43 ಗ್ರಾಂ ಉಳಿಯಿತು. ಪಟ್ಟಿಗಳು ಬೆರಳಿಗೆ ಸುತ್ತಬಹುದಾದಷ್ಟು ಮೆತ್ತಗಾಗಿದ್ದವು.

ಜುಲೈ 20: ಡಯಾಲಿಸಿಸ್ ಪೊರೆ

ತೂಕ ಸರಿಯಾಗಿ ಬಂದರೂ, ನಳಿಕೆಯಲ್ಲಿ ಏರುವ ಗೆರೆಯನ್ನು ಕಣ್ಣಾರೆ ಕಾಣುವ ಆಸೆ ಬಿಡಲಿಲ್ಲ. ಹುಬ್ಬಳ್ಳಿಯ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯೊಂದರಿಂದ ಡಯಾಲಿಸಿಸ್ ಪೊರೆಯ ನಳಿಕೆಯನ್ನು ಒಂದು ಮೀಟರ್ ತರಿಸಿದೆ. ಬೆಲೆ 420 ರೂಪಾಯಿ, ಕೊರಿಯರ್ 80 ರೂಪಾಯಿ. ಚಪ್ಪಟೆಯಾಗಿದ್ದಾಗ ಅದರ ಅಗಲ 25 ಮಿಲಿಮೀಟರ್. ಉಬ್ಬಿದಾಗ ವ್ಯಾಸ ಸುಮಾರು 16 ಮಿಲಿಮೀಟರ್. ಒಣಗಿದಾಗ ಅದು ಚಪ್ಪಟೆ ರಿಬ್ಬನ್ನಿನಂತೆ ಇದ್ದು ಬಾಯಿಯೇ ಬಿಡುವುದಿಲ್ಲ. ಕಾಲು ಗಂಟೆ ನೀರಿನಲ್ಲಿ ನೆನೆಸಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದರೆ ತುದಿ ತೆರೆದುಕೊಳ್ಳುತ್ತದೆ.

ಏರುವ ನಳಿಕೆಗೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ನಳಿಕೆಯನ್ನು ಆರಿಸಿಕೊಂಡೆ. ಅದರ ಒಳವ್ಯಾಸ 4 ಮಿಲಿಮೀಟರ್. ಒಂದು ಮಿಲಿಲೀಟರ್ ನೀರು ಒಳಬಂದರೆ ಅದರಲ್ಲಿ ಸುಮಾರು 8 ಸೆಂಟಿಮೀಟರ್ ಏರುತ್ತದೆ. ಒಂದು ಸೆಂಟಿಮೀಟರ್ ಒಳವ್ಯಾಸದ ನಳಿಕೆಯಾದರೆ ಅಷ್ಟೇ ನೀರಿಗೆ ಒಂದೂಕಾಲು ಸೆಂಟಿಮೀಟರ್ ಮಾತ್ರ ಏರುತ್ತದೆ. ತರಗತಿಯ ಕೊನೆಯ ಬೆಂಚಿಗೂ ಕಾಣಬೇಕಾದರೆ ಸಣ್ಣ ನಳಿಕೆಯೇ ಬೇಕು.

16 ಮಿಲಿಮೀಟರಿನ ಚೀಲವನ್ನು 6 ಮಿಲಿಮೀಟರ್ ಹೊರವ್ಯಾಸದ ನಳಿಕೆಗೆ ನೇರವಾಗಿ ಕಟ್ಟಲು ಎರಡು ಬಾರಿ ಪ್ರಯತ್ನಿಸಿದೆ. ಪೊರೆಯನ್ನು ಅಷ್ಟು ನೆರಿಗೆ ಹಿಡಿದು ಕಟ್ಟಿದಾಗ ನೆರಿಗೆಗಳ ನಡುವಿನಿಂದ ಎರಡೂ ಬಾರಿ ಸೋರಿತು. ಆಮೇಲೆ ಹೊಳೆದದ್ದು ಸಿರಿಂಜಿನ ಉಪಾಯ. ಔಷಧ ಅಂಗಡಿಯ 5 ಮಿಲಿಲೀಟರ್ ಸಿರಿಂಜಿನ ಕೊಳವೆಯನ್ನು ಮೂಗಿನ (ಸೂಜಿ ಸಿಕ್ಕಿಸುವ ತುದಿಯ) ಕಡೆಯಿಂದ 3 ಸೆಂಟಿಮೀಟರ್ ಬಿಟ್ಟು ಗರಗಸದ ಬ್ಲೇಡಿನಿಂದ ಕತ್ತರಿಸಿದೆ. ಕೊಳವೆಯ ಮೈ ಪೊರೆಯ ಒಳಗೆ ಹೆಚ್ಚು ನೆರಿಗೆಯಿಲ್ಲದೆ ಕೂರುತ್ತದೆ; ಮೂಗಿಗೆ 4 ಮಿಲಿಮೀಟರಿನ ನಳಿಕೆ ಬಿಗಿಯಾಗಿ ಹತ್ತುತ್ತದೆ. ಕತ್ತರಿಸಿದ ಅಂಚನ್ನು ನುಣುಪು ಮಾಡದೆ ಬಳಸಿದ ಮೊದಲ ಚೀಲ ಅಂಚು ತಾಗಿ ಹರಿಯಿತು. ಸಣ್ಣ ಉಪ್ಪುಕಾಗದದಿಂದ ಅಂಚನ್ನು ಉಜ್ಜಿದ ಮೇಲೆ ಆ ತೊಂದರೆ ಬರಲಿಲ್ಲ.

ಕಟ್ಟುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದವನು ಮನೆಯಲ್ಲಿ ಬಲೆ ರಿಪೇರಿ ನೋಡಿ ಬೆಳೆದ ಒಬ್ಬ ಹುಡುಗ. ನಾನು ಗಾಳದ ನೈಲಾನ್ ದಾರ ತಂದಿದ್ದೆ, ಅದು ಜಾರುತ್ತಿತ್ತು. ಅವನು ಅದನ್ನು ಬದಿಗಿಟ್ಟು ಹತ್ತಿಯ ನೂಲು ಕೇಳಿ ಪಡೆದು, ಮೇಣದಬತ್ತಿಯ ಮೇಲೆ ಎರಡು ಸಲ ಎಳೆದುಕೊಂಡ. “ಒಂದೇ ಸುತ್ತಿಗೆ ಗಂಟು ಹಾಕಬೇಡಿ ಸರ್. ಹತ್ತು ಸುತ್ತು ಒಂದರ ಪಕ್ಕ ಒಂದು ಕೂರಬೇಕು, ಪ್ರತಿ ಸುತ್ತಿಗೂ ಎಳೀಬೇಕು, ಆಗ ಹಿಡೀತದೆ” ಎಂದ. ಎಡಗೈಯ ಹೆಬ್ಬೆರಳಿನಿಂದ ಹಿಂದಿನ ಸುತ್ತನ್ನು ಒತ್ತಿ ಹಿಡಿದು, ಬಲಗೈಯಿಂದ ಮುಂದಿನದನ್ನು ಎಳೆದು, ಹಲ್ಲಿನಿಂದ ತುದಿ ಕಚ್ಚಿ ಗಂಟು ಬಿಗಿದ. ಕೆಳತುದಿಯನ್ನು ಎರಡು ಮಡಿಕೆ ಮಡಿಸಿ ಹಾಗೆಯೇ ಕಟ್ಟಿದ. ನೀರು ತುಂಬಿ ಒಣ ಪತ್ರಿಕೆಯ ಮೇಲೆ ಹತ್ತು ನಿಮಿಷ ತೂಗಿಹಾಕಿದಾಗ ಪೊರೆಯ ಮೈ ಒದ್ದೆಯಾಗಿ ಕಂಡರೂ ಕಟ್ಟಿನಿಂದ ಒಂದು ಹನಿಯೂ ಬೀಳಲಿಲ್ಲ.

ಜುಲೈ 22: ಉಪ್ಪು ತುಂಬಿ ತಪ್ಪಿದ್ದು

ಉಪ್ಪಿಗೆ ನೀರೆಳೆಯುವ ಶಕ್ತಿ ಹೆಚ್ಚೆಂದು ಭಾವಿಸಿ 10 ಗ್ರಾಂ ಒಣ ಉಪ್ಪನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ತುಂಬಿದೆ. ಮಟ್ಟ 1.2 ಸೆಂಟಿಮೀಟರ್ ಏರಿ, ಅರ್ಧ ಗಂಟೆಯೊಳಗೆ ಇಳಿಯಲು ತೊಡಗಿತು. ಹೊರಗಿನ ನೀರನ್ನು ಪ್ರನಾಳಕ್ಕೆ ತೆಗೆದುಕೊಂಡು ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಮಜ್ಜಿಗೆಯಂತೆ ಬೆಳ್ಳಗಾಯಿತು. ಬಾವಿಯ ನೀರಿನಲ್ಲೂ ಸ್ವಲ್ಪ ಕ್ಲೋರೈಡ್ ಇರುವುದರಿಂದ ಅದನ್ನೂ ಪಕ್ಕದಲ್ಲಿ ಪರೀಕ್ಷಿಸಿದೆ. ಅದು ತುಸು ಮಸುಕಾಯಿತು, ಅಷ್ಟೇ. ಉಪ್ಪು ಪೊರೆಯನ್ನು ದಾಟಿ ಹೊರಗೆ ಹೋಗುತ್ತಿತ್ತು. ಡಯಾಲಿಸಿಸ್ ಪೊರೆ ತಡೆಯುವುದು ಪಿಷ್ಟ, ಪ್ರೋಟೀನುಗಳಂಥ ದೊಡ್ಡ ಅಣುಗಳನ್ನು. ಉಪ್ಪು ಸುಲಭವಾಗಿ ದಾಟುತ್ತದೆ, ಸಕ್ಕರೆಯೂ ನಿಧಾನವಾಗಿ ದಾಟುತ್ತದೆ. ನಾನು ಇಷ್ಟು ವರ್ಷ ಹಲಗೆಯ ಮೇಲೆ ‘ನೀರು ಮಾತ್ರ ದಾಟುವ ಪೊರೆ’ ಎಂದು ಬರೆಸುತ್ತಿದ್ದೆ. ಆ ವಾಕ್ಯವನ್ನು ಮಕ್ಕಳ ಪುಸ್ತಕಗಳಲ್ಲಿ ತಿದ್ದಿಸಿದೆ.

ಜುಲೈ 24 ಮತ್ತು 25: ಜೋನಿಬೆಲ್ಲ

50 ಮಿಲಿಲೀಟರ್ ಜೋನಿಬೆಲ್ಲಕ್ಕೆ 100 ಮಿಲಿಲೀಟರ್ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ ತುಂಬಿದೆ. ಬೆಲ್ಲವನ್ನು ಆರಿಸಿಕೊಂಡದ್ದು ಬಣ್ಣಕ್ಕಾಗಿ. ಸಕ್ಕರೆ ನೀರಿನ ಮಟ್ಟ ದೂರದಿಂದ ಕಾಣುವುದಿಲ್ಲ, ಬೆಲ್ಲದ್ದು ಕಾಣುತ್ತದೆ. ಒಳಗಿನದು ದಾಟಿ ಹೊರಗೆ ಹೋದರೆ ಬೀಕರಿನ ನೀರಿನ ಬಣ್ಣವೂ ಹೇಳುತ್ತದೆ.

ಮೊದಲ ಬಾರಿ ಚೀಲವನ್ನು ಸಡಿಲವಾಗಿ ತುಂಬಿದ್ದರಿಂದ ಇಪ್ಪತ್ತು ನಿಮಿಷ ನಳಿಕೆಯಲ್ಲಿ ಏನೂ ಆಗಲಿಲ್ಲ. ಒಳಬಂದ ನೀರೆಲ್ಲ ಚೀಲವನ್ನು ಉಬ್ಬಿಸುವುದಕ್ಕೇ ಖರ್ಚಾಯಿತು. ಬಿಚ್ಚಿ ಮತ್ತೆ ಕಟ್ಟಿದೆವು. ಕೆಳತುದಿ ಕಟ್ಟಿದ ಚೀಲಕ್ಕೆ ದ್ರಾವಣವನ್ನು ಅಂಚಿನವರೆಗೆ ತುಂಬಿ, ಸಿರಿಂಜಿನ ತುಂಡನ್ನು ಇಳಿಸಿ, ಗಾಳಿಯೆಲ್ಲ ಮೂಗಿನಿಂದ ಹೊರಹೋಗುವವರೆಗೆ ಮೆಲ್ಲಗೆ ಹಿಸುಕಿ, ಆಮೇಲೆ ನೂಲು ಸುತ್ತಬೇಕು. ಹೊರಗೆ ಅಂಟಿದ ಬೆಲ್ಲವನ್ನು ಹರಿಯುವ ನೀರಿನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಬೀಕರಿನ ಬಣ್ಣದಿಂದ ಏನೂ ತಿಳಿಯುವುದಿಲ್ಲ. ಚೀಲದ ಉಪಯುಕ್ತ ಉದ್ದ 8 ಸೆಂಟಿಮೀಟರ್ ಇತ್ತು. ನಳಿಕೆಯನ್ನು ಮರದ ಅಳತೆಪಟ್ಟಿಗೆ ದಾರದಿಂದ ಕಟ್ಟಿ ನೆಟ್ಟಗೆ ನಿಲ್ಲಿಸಿದೆವು. ಪಕ್ಕದ ಬೀಕರಿನಲ್ಲಿ ಬರೀ ನೀರಿನ ಚೀಲವಿತ್ತು. ಎರಡರಲ್ಲೂ ಒಳಗಿನ ಮಟ್ಟ ಹೊರಗಿನದಕ್ಕಿಂತ 5 ಸೆಂಟಿಮೀಟರ್ ಮೇಲೆ ಇತ್ತು.

ಬೆಳಿಗ್ಗೆ 10.15ಕ್ಕೆ ಶುರುವಾಯಿತು. ಮಟ್ಟ ನಡೆಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಮಿಲಿಮೀಟರ್ ಗೆರೆಗಳನ್ನು ಎಣಿಸುತ್ತಿದ್ದರು. ಅರ್ಧ ಗಂಟೆಗೆ 7.5 ಸೆಂಟಿಮೀಟರ್, ಒಂದು ಗಂಟೆಗೆ 14, ಮೂರು ಗಂಟೆಗೆ 31 ಸೆಂಟಿಮೀಟರ್ ಏರಿತು. ಮಧ್ಯಾಹ್ನ 3.15ಕ್ಕೆ 38 ಸೆಂಟಿಮೀಟರಿನಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಬೀಕರಿನ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮರುದಿನ ಬೆಳಿಗ್ಗೆ ನೋಡಿದಾಗ ಮಟ್ಟ 29ಕ್ಕೆ ಇಳಿದಿತ್ತು. ಸಕ್ಕರೆ ಹೊರಗೆ ಹೋದಷ್ಟೂ ಎಳೆಯುವ ಬಲ ಕುಗ್ಗುತ್ತದೆ. ಬರೀ ನೀರಿನ ಚೀಲದ ನಳಿಕೆಯಲ್ಲಿ ಮಟ್ಟ 2 ಮಿಲಿಮೀಟರ್ ಇಳಿದದ್ದು ಬಿಟ್ಟರೆ ಬೇರೆ ಬದಲಾವಣೆ ಇರಲಿಲ್ಲ. ಜುಲೈ 1ರಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಆ 2 ಮಿಲಿಮೀಟರನ್ನು ಓದಿ ಪುಸ್ತಕದಲ್ಲಿ ಬರೆದಳು.

ಜುಲೈ 27: ಗಂಜಿ

ಉಳಿದ ಪೊರೆಯ ಒಂದು ತುಂಡಿನಲ್ಲಿ ಸೋಸಿದ ಗಂಜಿತಿಳಿ ತುಂಬಿ, ಎರಡೂ ತುದಿ ಕಟ್ಟಿ, ತೊಳೆದು, ಅಯೋಡಿನ್ ಬೆರೆಸಿದ ಹಳದಿ ನೀರಿನಲ್ಲಿ ಇಳಿಸಿದೆವು. ಹದಿನೈದು ನಿಮಿಷಗಳಲ್ಲಿ ಚೀಲದ ಒಳಗು ನೀಲಿಗಪ್ಪಾಯಿತು, ಹೊರಗಿನ ನೀರು ಹಳದಿಯಾಗಿಯೇ ಉಳಿಯಿತು. ಅಯೋಡಿನ್ ಪೊರೆ ದಾಟಿ ಒಳಗೆ ಹೋಗಿ ಗಂಜಿಯ ಪಿಷ್ಟವನ್ನು ನೀಲಿಯಾಗಿಸಿತ್ತು, ಪಿಷ್ಟ ಹೊರಗೆ ಬಂದಿರಲಿಲ್ಲ. ಈ ಐದು ವಾರಗಳಲ್ಲಿ ಮೊದಲ ಪ್ರಯತ್ನಕ್ಕೇ ಸರಿಯಾದದ್ದು ಇದೊಂದೇ. ಸಮಯ ಕಡಿಮೆ ಇರುವವರು ಇದರಿಂದಲೇ ಪ್ರಾರಂಭಿಸಬಹುದು.

ಖರ್ಚು: ಪ್ಲಾಸ್ಟಿಕ್ ಹಾಳೆ 10, ಮೊಟ್ಟೆ ಆರಕ್ಕೆ 42, ವಿನೆಗರ್ ಎರಡು ಬಾಟಲಿ 100, ಜೋನಿಬೆಲ್ಲ 120 (ಮನೆಯದಾದರೂ ಪೇಟೆಯ ಬೆಲೆ ಹಿಡಿದಿದ್ದೇನೆ), ಆಲೂಗಡ್ಡೆ 40, ಉಪ್ಪು 15, ಪೊರೆ ಮತ್ತು ಕೊರಿಯರ್ 500, ಎರಡು ಮೀಟರ್ ನಳಿಕೆ 30, ಸಿರಿಂಜು 10, ನೂಲು ಮತ್ತು ಮೇಣದಬತ್ತಿ 20, ಒಟ್ಟು 887 ರೂಪಾಯಿ. ಮೇಲಿನ ದಾರಿತಪ್ಪುಗಳನ್ನು ಬಿಟ್ಟು ನೇರವಾಗಿ ಪೊರೆ ಮತ್ತು ಬೆಲ್ಲದಿಂದ ಮಾಡಿದ್ದರೆ 680 ರೂಪಾಯಿಗಳಲ್ಲಿ ಮುಗಿಯುತ್ತಿತ್ತು. ಒದ್ದೆ ಮಾಡದ ಪೊರೆ 38 ಸೆಂಟಿಮೀಟರ್ ಉಳಿದಿದೆ; ತೇವ ತಾಗದಂತೆ ಮುಚ್ಚಳದ ಡಬ್ಬಿಯಲ್ಲಿಟ್ಟು ಕಪಾಟಿಗೆ ಸೇರಿಸಿದ್ದೇನೆ. ಮಳೆ ನಿಂತು ಅಳಿವೆಯ ನೀರು ಮತ್ತೆ ಉಪ್ಪಾದ ಮೇಲೆ, ಜನವರಿಯಲ್ಲಿ, ತದಡಿಯ ಹುಡುಗರು ಅದೇ ಜಾಗದಿಂದ ಎರಡು ಬಾಟಲಿ ನೀರು ತರಲು ಒಪ್ಪಿಕೊಂಡಿದ್ದಾರೆ. ಹತ್ತು ಪಟ್ಟಿಗಳ ತೂಕಕ್ಕೆ ಟಿಪ್ಪಣಿ ಪುಸ್ತಕದಲ್ಲಿ ಜುಲೈಯ ಸಾಲಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.